ಬ್ಯಾಸಗ್ಯಾಗ ಕಾಣದ ಸೋರಿಕೆ

ಮುರಗೋಡದಲ್ಲಿ ನಾವು ಮನೆ ಮಾಲಕರು, ಬೆಳಗಾವಿಯಲ್ಲಿ ಬಾಡಿಗೆದಾರರು. ಒಂದೇ ವರ್ಷದಲ್ಲಿ ಎರಡೂ ಕಡೆ ತಕರಾರು ಆಯ್ತು.

ಮೊದಲು ಬೆಳಗಾವಿದು ಹೇಳ್ತೀವಿ. ಫಸ್ಟ್ ಇಯರ್ ಮುಗಿದ ಮೇಲೆ ನಾವು ನಾಲ್ಕು ಮಂದಿ ಗೆಳೆಯರು ರೂಮ್ ಖಾಲಿ ಮಾಡಿದಾಗ 30,000 ಡಿಪಾಸಿಟ್‌ನಲ್ಲಿ 8,000 ಹಿಡಕೊಂಡ್ರು. "ಬಣ್ಣಕ್ಕ" ಅಂದ್ರು. ಗೋಡೆ ಮೇಲೆ ನಾವು ಮಾಡಿದ್ದು ಟೈಮ್‌ಟೇಬಲ್ ಅಂಟಿಸಿದ ಒಂದು ಗುರುತು, ಅಷ್ಟೇ. ಸಿಟ್ಟಿಗೆ ಕಾಯ್ದೆ ಓದಾಕ ಕೂತ್ವಿ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ಆದ್ರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳನ್ನು ಅದು ಹೊರಗಿಟ್ಟಿದೆ. ಆ ರೇಟಿಗೆ ಈಗ ಯಾರು ಮನೆ ಕೊಡ್ತಾರೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಓದಿ ಖುಷಿಯಾಯ್ತು: ಡಿಪಾಸಿಟ್ ಎರಡು ತಿಂಗಳ ಬಾಡಿಗೆ ಮೀರಂಗಿಲ್ಲ, ಬೇರೆ ಒಪ್ಪಂದ ಇಲ್ಲದಿದ್ರೆ ಸುಣ್ಣ ಬಣ್ಣ, ವೈರಿಂಗ್ ಮಾಲಕರ ಪಾಲು, ನಲ್ಲಿ ವಾಷರ್, ಸ್ವಿಚ್ ನಮ್ಮ ಪಾಲು. ಆದ್ರೆ ಅದು ಬರೇ ಮಾದರಿ. ರಾಜ್ಯ ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ನಡೀತದೆ. ಕಡೆಗೆ ನಮಗೆ ಉಳಿದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಮತ್ತೆ ನಾವು ಓದದೇ ಸಹಿ ಹಾಕಿದ 11 ತಿಂಗಳ ಅಗ್ರಿಮೆಂಟು. (ವರ್ಷ ದಾಟಿದ್ರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲಾ ಕಡೆ 11.)

ಆ ಹಳೇ ಕಾಯ್ದೆಯ ಇಂಗ್ಲಿಷ್, ಇಂಗ್ಲಿಷ್ ಮೀಡಿಯಂನ ನಮಗೇ ಮೂರು ಸಲ ಓದಬೇಕಾಯ್ತು. 108ನೇ ಕಲಮಿನಲ್ಲಿ ಒಂದು ಮಾತಿದೆ: ಅಗ್ರಿಮೆಂಟಿನಲ್ಲಿ ಬೇರೆ ಬರೆಯದಿದ್ದರೆ, ಮಾಲಕನಿಗೆ ಗೊತ್ತಿರುವ, ಬಾಡಿಗೆದಾರ ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾಲಕ ತಿಳಿಸಲೇಬೇಕು. ನಮ್ಮ 8,000ಕ್ಕೆ ಇದರಿಂದ ಏನೂ ಉಪಯೋಗ ಇರಲಿಲ್ಲ. ಆದ್ರೂ ತಲೆಯಲ್ಲಿ ಉಳೀತು.

ಜುಲೈಯಲ್ಲಿ ಮುರಗೋಡಕ್ಕೆ ಬಂದಾಗ ಮಳೆ ಹಿಡಿದಿತ್ತು. ನಮ್ಮ ಹಿಂದಿನ ಎರಡು ಖೋಲಿ ಒಬ್ಬ ಹೈಸ್ಕೂಲ್ ಸರ್‌ಗೆ ಮೇ ತಿಂಗಳಲ್ಲಿ ಕೊಟ್ಟಿದ್ವಿ. ಸರ್ ಬಾಗಿಲಿಗೆ ಬಂದು ನಿಂತ್ರು.

"ಅಣ್ಣಾರ, ಮತ್ತ ಸೋರಾಕತ್ತೇತ್ರಿ. ಹುಡುಗರ ಪುಸ್ತಕ ಎಲ್ಲಾ ತೊಯ್ದಾವು."

"ಮಳಿ ನಿಲ್ಲಲಿ ಸರ್, ನೋಡೂಣು" ಅಂದ ಅಪ್ಪ.

ಸ್ಲ್ಯಾಬಿನ ಆ ಬಿರುಕು ನಮಗೆಲ್ಲಾ ಗೊತ್ತು. ಹೋದ ಮಳೆಗಾಲದಲ್ಲಿ ಅಲ್ಲಿ ಬಕೆಟ್ ಇಟ್ಟಿದ್ದೇ ನಾವು. ಮೇ ತಿಂಗಳಲ್ಲಿ ಸುಣ್ಣ ಹೊಡೆದು ಕಲೆ ಮುಚ್ಚಿದ್ದೂ ನಾವೇ. ಬೆಳಗಾವಿ ಮಾಲಕರಿಗೆ ನಾವು ಇಟ್ಟ ಹೆಸರುಗಳೆಲ್ಲಾ ಒಮ್ಮೆಲೇ ನೆನಪಾದವು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಆ ಕಲಮು ಹೇಳಿದ್ವಿ. "ಅಗ್ರಿಮೆಂಟ್ ಇಲ್ಲ, ಏನಿಲ್ಲ, ಯಾವ ಕಾಯ್ದೆ?" ಅಂದ. ಬಾಯಿಮಾತಿನ ಬಾಡಿಗೆಗೂ ಅದು ಅನ್ವಯ ಆಗ್ತದೆ ಅಂದ್ವಿ. ಮಾತಾಡಲಿಲ್ಲ. ಅವ್ವ ಮಾತ್ರ, "ಆಗs ಹೇಳಿದ್ನಿ, ಸುಣ್ಣ ಬ್ಯಾಡ, ಗೌಂಡಿ ಕರೀರಿ ಅಂತ" ಅಂದಳು.

ನಾಲ್ಕು ದಿನ ಬಿಟ್ಟು ಮಳೆ ತೆರವು ಕೊಟ್ಟಾಗ ಗೌಂಡಿ ಬಂದ. ಸರ್ ತಮ್ಮ ರೊಕ್ಕದಲ್ಲಿ ತಂದಿದ್ದ ತಾಡಪತ್ರಿಯ ಖರ್ಚನ್ನು ಅಪ್ಪ ಬಾಡಿಗೆಯಲ್ಲಿ ಮುರಿದುಕೊಂಡ. ತಪ್ಪಾಯ್ತು ಅಂತ ಏನೂ ಹೇಳಲಿಲ್ಲ.

ನಮ್ಮ 8,000 ಇನ್ನೂ ಬಂದಿಲ್ಲ. ನಾಲ್ವರೂ ಸೇರಿ ಮಾಲಕರಿಗೆ ಪತ್ರ ಬರೆದೀವಿ. ಅಪ್ಪ ಅದನ್ನ ಓದಿ ಒಂದು ಸಾಲು ಸೇರಿಸಿದ: "ಬಣ್ಣ ಹಚ್ಚಿದ ಬಿಲ್ ತೋರಸ್ರಿ ಅಂತ ಬರೀರಿ. ಹಚ್ಚಿರಂಗಿಲ್ಲ ಅವ್ರು."