ಹಲ್ಲಿಮರಿಯ ಕಣ್ಣು

ಮಾಳಿಗೆಮನೆಯ ಜಂತೆಗಳ ಸಂದಿನಲ್ಲಿ ತಲೆತಲಾಂತರದಿಂದ ನಮ್ಮೊಡನೆ ವಾಸಮಾಡಿಕೊಂಡು ಬಂದಿದ್ದರೂ, ಹಲ್ಲಿಯನ್ನು ನಮ್ಮವರು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಅದು ಲೊಚಗುಟ್ಟಿದರೆ ಆಡಿದ ಮಾತು ದಿಟವೆನ್ನುವರು; ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲವೆಂದು ಪಂಚಾಂಗದ ಗೌಳಿಶಾಸ್ತ್ರವನ್ನು ತೆರೆಯುವರು. ಆದರೆ ಅದರ ಮುಖವನ್ನು ದಿಟ್ಟಿಸಿ, ಆ ಅಗಲವಾದ ಕಣ್ಣುಗಳಿಗೆ ರೆಪ್ಪೆಗಳೇ ಇಲ್ಲವೆಂಬುದನ್ನು ಗಮನಿಸಿದವರು ವಿರಳ.

ಕೂಡ್ಲಿಗಿಯ ನಮ್ಮ ಮನೆಯಲ್ಲಿ ತಮ್ಮನ ಮಗಳು ಹಲ್ಲಿಮರಿಯೊಂದನ್ನು ಅಗಲಬಾಯಿಯ ಗಾಜಿನ ಭರಣಿಯಲ್ಲಿಟ್ಟು ಸಾಕತೊಡಗಿದಾಗ ನನಗೆ ಆ ಅವಕಾಶ ದೊರೆಯಿತು. ದೀಪದ ಹುಳುವೊಂದು ಎದುರಿಗೆ ಸರಿದಾಡಿದೊಡನೆ ಮರಿಯು ಕತ್ತೆತ್ತಿ, ಬಾಲದ ತುದಿಯನ್ನು ಕೊಂಕಿಸಿ, ಸರ್ವಸನ್ನದ್ಧವಾಗಿ ಮುನ್ನುಗ್ಗುತ್ತಿತ್ತು. ಆದರೆ ಅದರ ಬಾಯಿ ಕಚ್ಚುತ್ತಿದ್ದುದು ಹುಳುವಿನ ಪಕ್ಕದ ಬರಿಯ ಗಾಳಿಯನ್ನು. ಹಾಗೆ ಮತ್ತೆ ಮತ್ತೆ ವಿಫಲವಾದ ಬಳಿಕ, ಹುಳುವು ತನ್ನ ಬೆನ್ನ ಮೇಲೆಯೇ ಹರಿದರೂ ಅದು ಮಿಸುಕದಾಯಿತು.

"ದೊಡ್ಡಪ್ಪ, ಇದಕ್ಕ ಹಸಿವೇ ಇಲ್ಲೇನೋ, ಏನೂ ತಿನ್ನವಲ್ದು ನೋಡ್ರಿ" ಎಂದಳು ಹುಡುಗಿ.

ಮೊಟ್ಟೆಯೊಡೆದು ಬಂದ ಮರಿ ಮೊದಮೊದಲು ಒಡಲೊಳಗೆ ಉಳಿದ ಹಳದಿಯಿಂದಲೇ ಬದುಕುವುದುಂಟು. ಆ ನಿರಾಹಾರಕ್ಕೆ ಅಂಜಬೇಕಾದುದಿಲ್ಲ. ಇದು ಆ ಹಂತವನ್ನು ದಾಟಿದ ಮರಿ. ಭೂತಗನ್ನಡಿ ಹಿಡಿದು ನೋಡಲಾಗಿ, ಬಲಗಣ್ಣಿನ ಮೇಲೆ ಉಳ್ಳಾಗಡ್ಡಿಯ ಒಳಸಿಪ್ಪೆಯಂಥ ಬಿಳಿಯ ತೆಳುಪೊರೆಯೊಂದು ಅಂಟಿಕೊಂಡಿತ್ತು. ಹಸಿವು ಇತ್ತು, ಇಲ್ಲದಿದ್ದುದು ದೃಷ್ಟಿ.

ರೆಪ್ಪೆಗೆ ಬದಲಾಗಿ ಈ ಜೀವಿಯ ಕಣ್ಣನ್ನು ಪಾರದರ್ಶಕವಾದ ಚರ್ಮದ ಕವಚವೊಂದು ಮುಚ್ಚಿರುತ್ತದೆ. ಅದರ ಮೇಲಿನ ಧೂಳನ್ನು ಹಲ್ಲಿ ತನ್ನ ನಾಲಗೆಯಿಂದಲೇ ಒರೆಸಿಕೊಳ್ಳುತ್ತದೆ. ಕವಚವೂ ಚರ್ಮವೇ ಆದುದರಿಂದ, ಮೈಯ ಪೊರೆ ಕಳಚುವಾಗ ಕಣ್ಣಿನ ಪೊರೆಯೂ ಕಳಚಿಹೋಗಬೇಕು. ವಾತಾವರಣದಲ್ಲಿ ತೇವವಿಲ್ಲದಿದ್ದರೆ ಹಳೆಯ ಪೊರೆ ಸಡಿಲವಾಗದೆ ಅಲ್ಲಿಯೇ ಒಣಗಿ ಉಳಿಯುವುದು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಬೇಸಗೆಯ ಒಣಗಾಳಿಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಸ್ವತಂತ್ರವಾದ ಹಲ್ಲಿಯಾದರೆ ಬಚ್ಚಲ ಗೋಡೆಯನ್ನೋ ನೀರಿನ ಗಡಿಗೆಯ ಹಿಂಬದಿಯನ್ನೋ ಅರಸಿಕೊಂಡು ಹೋಗುತ್ತಿತ್ತು. ಭರಣಿಯೊಳಗಿನ ಮರಿಗೆ ಅಂಥ ಆಯ್ಕೆಯೆಲ್ಲಿ? ಆಹಾರದಲ್ಲಿ ಎ ಜೀವಸತ್ವದ ಕೊರತೆಯಾದರೂ ಕಣ್ಣಿಗೆ ಇಂತಹ ಪೀಡೆ ತಗಲುವುದುಂಟು. ಸುಣ್ಣಾಂಶ ಸಾಲದಿದ್ದರೆ ದವಡೆಯ ಎಲುಬೇ ಮೆತ್ತಗಾಗಿ, ಕಂಡ ಹುಳುವನ್ನೂ ಹಿಡಿಯಲಾರದಾಗುವುದು. ಆದಕಾರಣವೇ ಬಲ್ಲವರು ಹುಳುಗಳಿಗೆ ಕ್ಯಾಲ್ಸಿಯಂ ಪುಡಿಯನ್ನು ಸವರಿ ಕೊಡುತ್ತಾರೆ.

ಆ ಕಣ್ಣು ಸಾಮಾನ್ಯವಾದುದಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಲೀನಾ ರಾತ್ ಮತ್ತು ಆಲ್ಮುಟ್ ಕೆಲ್ಬರ್ ಎಂಬ ವಿಜ್ಞಾನಿಗಳು 2004ರಲ್ಲಿ ಒಂದು ಜಾತಿಯ ನಿಶಾಚರ ಹಲ್ಲಿಯನ್ನು ಪರೀಕ್ಷಿಸಿ, ಮಂದ ಬೆಳದಿಂಗಳಿನಲ್ಲಿಯೂ ಅದು ಬಣ್ಣಗಳನ್ನು ಗುರುತಿಸಬಲ್ಲುದೆಂದು ತೋರಿಸಿದರು; ಮನುಷ್ಯನ ವರ್ಣದೃಷ್ಟಿಗಿಂತ ಅದರ ಸೂಕ್ಷ್ಮತೆ ಸುಮಾರು 350 ಪಟ್ಟು ಅಧಿಕವೆಂದು ಅವರ ಲೆಕ್ಕ. ಇಷ್ಟೊಂದು ಸಮರ್ಥವಾದ ಇಂದ್ರಿಯವನ್ನು ನಂಬಿ ಬೇಟೆಯಾಡುವ ಪ್ರಾಣಿಗೆ ಕಣ್ಣು ಮಂಜಾದರೆ ಉಣ್ಣುವ ದಾರಿಯೇ ಮುಚ್ಚಿದಂತೆ. ಹಾಗೆಂದು ಬಾಯಿಯನ್ನು ಬಲವಂತದಿಂದ ತೆರೆದು ಆಹಾರವನ್ನು ತುರುಕುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ. ಎಳೆಯ ದವಡೆ ಅದನ್ನು ತಾಳದು.

ಹಾಗೆಯೇ ಉಗುರಿನಿಂದಲೋ ಚಿಮಟದಿಂದಲೋ ಪೊರೆಯನ್ನು ಕೀಳಲಾಗದು. ಅಡಿಯ ಹೊಸ ಕವಚ ಹರಿದರೆ ಕಣ್ಣೇ ಹೋದೀತು. ಭರಣಿಯಲ್ಲಿ ಒದ್ದೆ ಅರಿವೆಯನ್ನು ಮಡಿಸಿಟ್ಟು, ಗಾಳಿಯಾಡುವಂತೆ ಮುಚ್ಚಿದೆವು. ಪಶುವೈದ್ಯರು ಹೇಳಿದಂತೆ ಸಲೈನ್ ನೀರಿನಲ್ಲಿ ಅದ್ದಿದ ಹತ್ತಿಯನ್ನು ಕಣ್ಣಿಗೆ ಮೆಲ್ಲಗೆ ಸೋಕಿಸುತ್ತಿದ್ದೆವು. ಪೊರೆಯ ಅಂಚು ಎದ್ದಿತು, ಮರಿಯ ನಾಲಗೆ ಉಳಿದ ಕೆಲಸವನ್ನು ಮಾಡಿತು. ಅದರ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಾದ ಹುಳುವನ್ನು ಕೊಡಬಾರದೆಂಬ ನಿಯಮವನ್ನು ಹುಡುಗಿ ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ. ಬಲಬದಿಯಿಂದ ಬಂದುದು ಈಗಲೂ ಒಮ್ಮೊಮ್ಮೆ ತಪ್ಪಿಹೋಗುವುದರಿಂದ, ಹುಳುವನ್ನು ಎಡಕ್ಕೇ ಬಿಡುತ್ತಾಳೆ.