ಕಬ್ಬಿಣದ ಹಗೇವು

ಭಾರತದ ಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಆರಂಭವಾದದ್ದು ಕಡಲಿಲ್ಲದ ಬೆಂಗಳೂರಿನಲ್ಲಿ. ಈಗ ವೈಟ್‌ಫೀಲ್ಡ್ ಡಿಪೊದ ಆಸುಪಾಸಿನಲ್ಲಿ ಯಾನ ಮುಗಿಸಿದ ಇಪ್ಪತ್ತು ಅಡಿಯ ಕಂಟೇನರುಗಳು ವೆಲ್ಡಿಂಗ್ ಕಾರ್ಯಾಗಾರಗಳಾಗಿ, ಕಾರ್ಮಿಕರ ಬಿಡಾರಗಳಾಗಿ ನಿಂತಿವೆ. ದಿವಂಗತ ಗುರುಗಳ ಗ್ರಂಥಗಳಿಗೆ ಮನೆಯಲ್ಲಿ ಎಡೆಯಿಲ್ಲದೆ ನಾನೂ ಅಂಥದೊಂದನ್ನು ಕೊಂಡೆ. ಮಳೆ ಒಳಬರಲಿಲ್ಲ, ಗೆದ್ದಲೂ ಸುಳಿಯಲಿಲ್ಲ. ಆದರೆ ಹಗಲು ಕಾದ ಉಕ್ಕಿನ ಚಾವಣಿ ಇರುಳು ತಣಿದಾಗ ಒಳಗಾಳಿಯ ತೇವವೇ ಹನಿಯಾಗಿ ತೊಟ್ಟಿಕ್ಕುವುದೆಂದು ನನಗೆ ಹೊಳೆದಿರಲಿಲ್ಲ. ಸಾಗಣೆಯವರು ಇದಕ್ಕೆ ‘ಕಂಟೇನರ್ ಮಳೆ’ ಎನ್ನುತ್ತಾರೆ. ಕಾರ್ತಿಕದಲ್ಲಿ ಬಾಗಿಲು ತೆರೆದರೆ ಮೇಲಿನ ಕಟ್ಟುಗಳಿಗೆಲ್ಲ ಬೂಷ್ಟು. ಗುರುಗಳು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿದ್ದ ಪಾಠಾಂತರಗಳು ಉಳಿದಿದ್ದವು. ಶಾಯಿಯಲ್ಲಿ ಬರೆದವು ನೀಲಿ ಕಲೆಗಳಾಗಿದ್ದವು. ರಾಗಿ ತುಂಬುವ ಮುನ್ನ ನಮ್ಮ ಹಿರಿಯರು ಹಗೇವಿನ ಒಳಮೈಗೆ ಹುಲ್ಲು ಹೊದಿಸುತ್ತಿದ್ದುದು ಆಗ ನೆನಪಾಯಿತು. ಚಾವಣಿಗೆ ಈಗ ಥರ್ಮೋಕೋಲ್ ಹೊದಿಸಿ, ಎದುರುಬದುರು ಗಾಳಿಕಿಂಡಿ ಕೊರೆಸಿದ್ದೇನೆ. ಪೆನ್ಸಿಲಿನ ಟಿಪ್ಪಣಿಗಳನ್ನು ನಕಲು ಮಾಡುತ್ತಿದ್ದೇನೆ; ಮೂರನೆಯ ಕಟ್ಟಿನಲ್ಲಿದ್ದೇನೆ.