ಕಂಬದ ಮೇಲೆ ಹೊರಿಸಿದ ತಪ್ಪು

ಮನೆ ಮುಂದಿನ ಟ್ರಾನ್ಸ್‌ಫಾರ್ಮರ್‌ನಿಂದ ಕ್ಯಾನ್ಸರ್ ಬರುತ್ತದೆಯೇ? ರಾಬರ್ಟ್‌ಸನ್‌ಪೇಟೆಯಲ್ಲಿರುವ ನನ್ನ ಖಾಲಾಗೆ, ಅಂದರೆ ಅಮ್ಮಿಯ ತಂಗಿಗೆ, ಕಳೆದ ವರ್ಷ ಸ್ತನ ಕ್ಯಾನ್ಸರ್ ಎಂದು ತಿಳಿಯಿತು. ನೋಡಲು ಬಂದವರಲ್ಲಿ ಅರ್ಧ ಜನ ಕಿಟಕಿಯಾಚೆಯ ಕಂಬದ ಕಡೆಗೇ ಕೈ ತೋರಿಸಿದರು. ಆ ಬಾಡಿಗೆ ಮನೆ ಹುಡುಕಿದವರು ಖಾಲೂ. "ನಾನೇ ಇವಳನ್ನು ಇಲ್ಲಿಗೆ ಕರ್ಕೊಂಡು ಬಂದೆ" ಎಂದು ಕೊರಗತೊಡಗಿದರು. ಅಮ್ಮಿ ನನ್ನನ್ನು ಕೇಳಿದರು, "ನೀನು ಫಿಜಿಕ್ಸ್ ಓದ್ತೀಯಲ್ಲ, ಇದು ನಿಜಾನಾ?" ಅದಕ್ಕೇ ಹುಡುಕಿ ಓದಿದೆ.

ಕರೆಂಟಿಗೂ ನಮ್ಮೂರಿಗೂ ಹಳೆಯ ನಂಟು. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿನ ಚಿನ್ನದ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ಬೀದಿ ದೀಪ ಬಂದದ್ದು ಆಮೇಲೆ.

ವಿದ್ಯುತ್ ಹರಿಯುವ ಕಡೆಯೆಲ್ಲ ಕಾಂತಕ್ಷೇತ್ರ ಇರುತ್ತದೆ. ಆದರೆ ಮನೆಯ 50 ಹರ್ಟ್ಸ್ ಕರೆಂಟಿಗೆ ಎಕ್ಸ್‌ರೇಯಂತೆ ಡಿಎನ್‌ಎ ಬಂಧ ಮುರಿಯುವ ಶಕ್ತಿ ಇಲ್ಲ. ಮಿಕ್ಸಿಯಿಂದ ಒಂದೆರಡು ಹೆಜ್ಜೆ ಸರಿದರೆ ಅದರ ಕ್ಷೇತ್ರವೂ ಬಹಳ ಇಳಿಯುತ್ತದೆ.

ಅನುಮಾನ ಶುರುವಾದದ್ದು 1979ರಲ್ಲಿ, ಅಮೆರಿಕದ ಡೆನ್ವರ್‌ನ ಮಕ್ಕಳ ಕುರಿತ ಒಂದು ಅಧ್ಯಯನದಿಂದ. 2000ದಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿ 0.4 ಮೈಕ್ರೋಟೆಸ್ಲಾ ಮೀರಿದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಅಷ್ಟು ಕ್ಷೇತ್ರದಲ್ಲಿದ್ದ ಮಕ್ಕಳು ನೂರಕ್ಕೆ ಒಬ್ಬರೂ ಇರಲಿಲ್ಲ. ಕ್ಷೇತ್ರವೇ ಕಾರಣ ಎಂದು ಇಂದಿಗೂ ಸಾಬೀತಾಗಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು '2ಬಿ' ಗುಂಪಿಗೆ, ಅಂದರೆ 'ಕ್ಯಾನ್ಸರ್ ತರಬಹುದೇನೋ' ಎಂಬ ಪಟ್ಟಿಗೆ ಸೇರಿಸಿತು. ದೊಡ್ಡವರ ಸ್ತನ ಕ್ಯಾನ್ಸರ್ ವಿಷಯದಲ್ಲಿ ಸಾಕ್ಷ್ಯ ಸಾಲದು ಎಂದಿತು.

ಖಚಿತವಾಗಿ ಕ್ಯಾನ್ಸರ್ ತರುವ ಮೊದಲನೇ ಗುಂಪಿನಲ್ಲಿ ಏನೇನಿದೆ ಗೊತ್ತೇ? ತಂಬಾಕು, ಎಲೆ-ಅಡಿಕೆ, ಕಲ್ಲು ಕೊರೆಯುವಾಗ ಏಳುವ ಸಿಲಿಕಾ ದೂಳು. ನಮ್ಮ ಅಜ್ಜಂದಿರು ಗಣಿಯೊಳಗೆ ಉಸಿರಾಡಿದ್ದು ಆ ದೂಳನ್ನೇ. ಕಂಬವನ್ನು ಬೈದು ಹೋದವರಲ್ಲಿ ಕೆಲವರ ಬಾಯಲ್ಲಿ ಆಗಲೂ ಜರ್ದಾ ಪಾನ್ ಇತ್ತು.

ಓದಿದ್ದನ್ನೆಲ್ಲ ಖಾಲೂಗೆ ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡರು. ಆ ರಾತ್ರಿ ಸರಿಯಾಗಿ ಊಟ ಮಾಡಿದರು ಎಂದು ಅಮ್ಮಿ ಹೇಳಿದರು.

ಆದರೆ ನನ್ನನ್ನು ಕಾಡುವ ಮಾತು ಬೇರೆ ಇದೆ. ಖಾಲಾ ಎದೆಯಲ್ಲಿದ್ದ ಗಂಟನ್ನು ಏಳು ತಿಂಗಳು ಯಾರಿಗೂ ಹೇಳಿರಲಿಲ್ಲ. ನೋವಿರಲಿಲ್ಲ, ಜೊತೆಗೆ ನಾಚಿಕೆ. ಟ್ರಾನ್ಸ್‌ಫಾರ್ಮರ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ಮನೆಗಳಲ್ಲಿ ಈ ಮಾತಿಗೆ ಜಾಗವಿಲ್ಲ.

ಈಗ ಅವರು ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಈ ಲೇಖನ ಬರೆಯಲೇ ಎಂದು ಕೇಳಿದಾಗ ಅವರೇ ಹೇಳಿದರು: "ನನ್ನ ಹೆಸರು ಬೇಡ, ವಿಷಯ ಬರಿ. ನಿನ್ನ ಕಾಲೇಜಿನ ಹುಡುಗಿಯರು ಅವರವರ ಅಮ್ಮಿಗೆ ಓದಿ ಹೇಳಲಿ. ಗಂಟು ನೋಯದಿದ್ದರೂ ಡಾಕ್ಟರಿಗೆ ತೋರಿಸಲಿ."